ಅರ್ಧ ಗಂಟೆಗೊಂದು ನಡೆ

ಕಳೆದ ಶ್ರಾವಣದಲ್ಲಿ ನಮ್ಮ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಒಂದು ಪರೀಕ್ಷೆ ನಡೆಯಿತು. ಪತ್ರಿಕೆಯಲ್ಲಿ ಅಚ್ಚಾಗಿದ್ದ ಚದುರಂಗದ ಸಮಸ್ಯೆಯೊಂದನ್ನು ಮಣೆಯ ಮೇಲೆ ಜೋಡಿಸಿ, ಗೆಲ್ಲುವ ನಡೆಯನ್ನು ಹುಡುಕಲು ಕುಳಿತೆ. 40 ನಿಮಿಷವಾದರೂ ಹೊಳೆಯಲಿಲ್ಲ. ಗೆಳೆಯನ ಮೊಬೈಲಿನಲ್ಲಿದ್ದ ಚದುರಂಗದ ಪ್ರೋಗ್ರಾಮಿಗೆ ಅದನ್ನೇ ಒಪ್ಪಿಸಿದೆವು. ಬೆರಳು ತೆಗೆಯುವುದರೊಳಗೆ ಉತ್ತರ ಬಂದಿತ್ತು. ಎಲ್ಲರೂ ನಕ್ಕರು. ನಾನು ಹುಟ್ಟಾ ನಿಧಾನಸ್ಥ. ಪಂದ್ಯಗಳಲ್ಲಿ ಎದುರಾಳಿಗಿಂತ ಗಡಿಯಾರವೇ ನನ್ನನ್ನು ಹೆಚ್ಚು ಸಲ ಸೋಲಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹೀಗಾಗಿ ಈ ನಿಧಾನವು ಬುದ್ಧಿಯ ಕೊರತೆಯೇ ಇರಬಹುದೆಂಬ ಅಳುಕು ಮೊದಲಿನಿಂದಲೂ ಉಂಟು. ಯಂತ್ರಕ್ಕೆ ಚದುರಂಗ ಕಲಿಸಲು ಮೊದಮೊದಲು ಶ್ರಮಿಸಿದವರು ಯಾರೆಂದು ಹುಡುಕಹೊರಟಾಗ ನನಗೆ ಪರಿಚಯವಾದವನು ಅಲನ್ ಟ್ಯೂರಿಂಗ್.

ಈತನು ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಆಗಿನ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿ. ತಾಯಿತಂದೆಗಳು ಇಂಡಿಯಾದಲ್ಲಿದ್ದುದರಿಂದ ಮಗು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆಯಬೇಕಾಯಿತು. ಶಾಲೆಯಲ್ಲಿ ದೊರೆತ ಪ್ರಾಣಮಿತ್ರ ಕ್ರಿಸ್ಟೋಫರ್ ಮಾರ್ಕಮ್‌ನೂ 1930ರಲ್ಲಿ ಕ್ಷಯಕ್ಕೆ ತುತ್ತಾದನು. ಕೇಂಬ್ರಿಜ್ಜಿನಲ್ಲಿ ಗಣಿತ ಓದಿದ ಟ್ಯೂರಿಂಗನು 1936ರಲ್ಲಿ ಒಂದು ಪ್ರಬಂಧ ಬರೆದನು. ಮನುಷ್ಯನು ನಿಯಮ ಹಿಡಿದು ಮಾಡುವ ಲೆಕ್ಕವನ್ನೆಲ್ಲ ಪುಟ್ಟ ಪುಟ್ಟ ಹೆಜ್ಜೆಗಳಾಗಿ ಒಡೆದು ಒಂದೇ ಯಂತ್ರದಿಂದ ಮಾಡಿಸಬಹುದೆಂಬುದು ಅದರ ತಿರುಳುಗಳಲ್ಲೊಂದು. ಇಂದಿನ ಕಂಪ್ಯೂಟರಿನ ಬೀಜ ಅಲ್ಲಿದೆ.

ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಕುಳಿತು ಜರ್ಮನರ ಎನಿಗ್ಮಾ ಗುಪ್ತಲಿಪಿಯನ್ನು ಭೇದಿಸಿದವರಲ್ಲಿ ಈತನು ಅಗ್ರಗಣ್ಯ. ಅಲ್ಲಿ ಚದುರಂಗದ ಘಟಾನುಘಟಿಗಳೂ ಇದ್ದರು. ಅವರಲ್ಲೊಬ್ಬನಾದ ಗೊಲೊಂಬೆಕ್ ತನ್ನ ರಾಣಿಯನ್ನು ಮೊದಲೇ ತೆಗೆದಿಟ್ಟು ಆಡಿಯೂ ಟ್ಯೂರಿಂಗನನ್ನು ಸೋಲಿಸಿದನಂತೆ. ಟ್ಯೂರಿಂಗನು ಸೋಲೊಪ್ಪಿಕೊಂಡ ಮೇಲೆ ಮಣೆಯನ್ನು ತಿರುಗಿಸಿ, ಅವನು ಕೈಬಿಟ್ಟ ಕಡೆಯಿಂದಲೇ ಆಡಿ ಗೆದ್ದನಂತೆ! ಇದನ್ನು ಓದಿದಾಗ ನನಗಾದ ಸಮಾಧಾನವನ್ನು ವಾಚಕರು ಕ್ಷಮಿಸಬೇಕು. ಇಷ್ಟು ಸಾಧಾರಣ ಆಟಗಾರನೇ ಯಂತ್ರಕ್ಕೆ ಗುರುವಾಗಹೊರಟದ್ದು!

1948ರಲ್ಲಿ ಟ್ಯೂರಿಂಗನು ತನ್ನ ಮಿತ್ರ ಚಾಂಪರ್ನೌನ್ ಜೊತೆಗೂಡಿ ಚದುರಂಗದ ನಿಯಮಾವಳಿಯೊಂದನ್ನು ಸಿದ್ಧಪಡಿಸಿದನು. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3½, ಆನೆಗೆ 5, ರಾಣಿಗೆ 10 ಎಂದು ಬೆಲೆ ಕಟ್ಟಿ, ತನ್ನ ಪ್ರತಿಯೊಂದು ನಡೆಯನ್ನೂ ಅದಕ್ಕೆ ಎದುರಾಳಿ ಕೊಡಬಹುದಾದ ಪ್ರತಿಯೊಂದು ಉತ್ತರವನ್ನೂ ತೂಗಿ, ಹೊಡೆದಾಟವಿದ್ದರೆ ಅದು ಮುಗಿಯುವವರೆಗೆ ನೋಡಿ ಆರಿಸುವ ಕ್ರಮವದು. ಕ್ರಮವೇನೋ ಸಿದ್ಧವಾಯಿತು, ಅದನ್ನು ನಡೆಸಬಲ್ಲ ಯಂತ್ರವೇ ಇರಲಿಲ್ಲ. 1951ರಲ್ಲಿ ಮ್ಯಾಂಚೆಸ್ಟರಿನ ಕಂಪ್ಯೂಟರಿನ ಮೇಲೆ ಡೀಟ್ರಿಚ್ ಪ್ರಿಂಟ್ಸ್ ಎಂಬಾತನು ಎರಡೇ ನಡೆಯಲ್ಲಿ ಮಾತ್ ಮಾಡುವ ಸಮಸ್ಯೆಗಳನ್ನು ಬಿಡಿಸುವ ಪ್ರೋಗ್ರಾಮನ್ನು ಓಡಿಸಿದನು. ಒಂದು ಸಮಸ್ಯೆಗೆ ಸುಮಾರು 15 ನಿಮಿಷ ಹಿಡಿಯಿತು. ಪೂರ್ತಿ ಆಟಕ್ಕೆ ಅದರಲ್ಲಿಯೂ ಸ್ಥಳವಿರಲಿಲ್ಲ. ಆದುದರಿಂದ 1952ರಲ್ಲಿ ಟ್ಯೂರಿಂಗನು ತಾನೇ ಯಂತ್ರವಾದನು! ಕಾಗದ ಪೆನ್ಸಿಲು ಹಿಡಿದು, ನಡೆಗೆ ಸುಮಾರು ಅರ್ಧ ಗಂಟೆಯಂತೆ ಲೆಕ್ಕ ಹಾಕುತ್ತ, ಅಲಿಕ್ ಗ್ಲೆನ್ನಿಯ ಎದುರು ಆಡಿದನು. 29ನೆಯ ನಡೆಯಲ್ಲಿ ಅವನ ರಾಣಿ ಕಾಲಾಳೊಂದನ್ನು ಹೊಡೆಯಿತು. ಮುಂದಿನದನ್ನು ಕೈಯಿಂದ ಮುಚ್ಚಿಕೊಂಡು ನಾನೂ ಮಣೆಯ ಮುಂದೆ ಕುಳಿತೆ. 11 ನಿಮಿಷದ ಮೇಲೆ ಕಂಡಿತು: ರಾಣಿಯ ಬೆನ್ನ ಹಿಂದೆ ಅದೇ ಸಾಲಿನಲ್ಲಿ ರಾಜನಿದ್ದಾನೆ, ಎದುರಾಳಿಯ ಆನೆ ಆ ಸಾಲಿಗೆ ಬಂದರೆ ರಾಣಿಗೆ ಉಳಿವಿಲ್ಲ. ಗ್ಲೆನ್ನಿ ಆಡಿದ್ದೂ ಅದನ್ನೇ. ಆಟ ಅಲ್ಲಿಗೆ ಮುಗಿಯಿತು.

ಯಂತ್ರವು ಯೋಚಿಸಬಲ್ಲುದೇ ಎಂದು ಕೇಳಿದ ಅವನ 1950ರ ಪ್ರಬಂಧದಲ್ಲೊಂದು ಮಾದರಿ ಪ್ರಶ್ನೋತ್ತರವಿದೆ. ಮರೆಯಲ್ಲಿ ಕುಳಿತು ಉತ್ತರಿಸುವುದು ಯಂತ್ರವೋ ಮನುಷ್ಯನೋ ತಿಳಿಯದು. ಪ್ರಶ್ನೆ ಕೇಳುವವನ ಬಳಿ ರಾಜ ಮಾತ್ರ. ಉತ್ತರಿಸುವವರ ಬಳಿ ರಾಜ, ಆನೆ. ಆನೆಯ ಒಂದು ನಡೆಯಿಂದ ಮಾತ್. ಆ ಉತ್ತರಕ್ಕೆ ಟ್ಯೂರಿಂಗನು ಇಟ್ಟ ಕಾಲ 15 ಸೆಕೆಂಡು. ಅಲ್ಲಿಯೇ 34957ಕ್ಕೆ 70764ನ್ನು ಕೂಡಿಸುವ ಲೆಕ್ಕವಿದೆ. ಅದಕ್ಕೆ ಸುಮಾರು 30 ಸೆಕೆಂಡು, ಉತ್ತರ 105621. ಕೂಡಿಸಿ ನೋಡಿದೆ: ನೂರು ಕಡಿಮೆ! ಯೋಚಿಸುವವನು ತಡಮಾಡುವನು, ತಪ್ಪುವನು ಎಂಬುದನ್ನು ಅವನು ಬಲ್ಲವನಾಗಿದ್ದನು.

ಉಳಿದುದನ್ನು ಬರೆಯಲು ಮನಸ್ಸು ಬಾರದು. ಪುರುಷನೊಡನೆ ಸಂಬಂಧವಿತ್ತೆಂದು 1952ರಲ್ಲಿ ಅವನ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು. ಸೆರೆಮನೆಯ ಬದಲು ಹಾರ್ಮೋನಿನ ಚಿಕಿತ್ಸೆಗೆ ಒಪ್ಪಿಕೊಳ್ಳಬೇಕಾಯಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡನು. 42 ಇನ್ನೂ ತುಂಬಿರಲಿಲ್ಲ. ದೇಶಕ್ಕಾಗಿ ಅವನು ಮಾಡಿದ ಗುಪ್ತ ಸೇವೆಯನ್ನು ನ್ಯಾಯಾಲಯದಲ್ಲಿ ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಬ್ರಿಟಿಷ್ ಸರಕಾರ ಕ್ಷಮೆ ಕೇಳಿದ್ದು 2009ರಲ್ಲಿ; ರಾಜಕ್ಷಮೆ ಬಂದದ್ದು 2013ರಲ್ಲಿ. ನನ್ನ ನಿಧಾನವನ್ನು ಹಳಿಯುವವರು ಇದನ್ನು ನೋಡಬೇಕು.

2012ರಲ್ಲಿ, ಅವನ ಶತಮಾನೋತ್ಸವಕ್ಕೆಂದು ಮ್ಯಾಂಚೆಸ್ಟರಿನಲ್ಲಿ ಸೇರಿದ ಸಭೆಯಲ್ಲಿ, ಆ ಹಳೆಯ ನಿಯಮಾವಳಿಯನ್ನು ಕಂಪ್ಯೂಟರಿಗೆ ತುಂಬಿ ಹಿಂದಿನ ವಿಶ್ವವಿಜೇತ ಕ್ಯಾಸ್ಪರೋವ್‌ನ ಎದುರು ಆಡಿಸಿದರು. 16 ನಡೆಗಳಲ್ಲಿ ಅದು ಸೋತಿತು. ಈ ಸಲ ನಡೆಗೆ ಅರ್ಧ ಗಂಟೆ ಕಾಯುವ ಪ್ರಮೇಯವಿರಲಿಲ್ಲ.