ಕಾಲಬುಡದ ಕಲ್ಲಿನಿಂದ ದಿಗಂತದ ಶಿಖರದವರೆಗೆ: ಆನ್ಸೆಲ್ ಆಡಮ್ಸ್

ಬೆಟ್ಟದ ನೆತ್ತಿಯ ಮೇಲೆ ನಿಂತು ಕ್ಯಾಮೆರಾ ಹಿಡಿದವರಿಗೆಲ್ಲ ಎದುರಾಗುವ ಒಂದು ತೊಡಕಿದೆ. ಕಾಲ ಬಳಿಯ ಹೂವನ್ನು ಸ್ಪಷ್ಟವಾಗಿ ಹಿಡಿದರೆ ದೂರದ ಶಿಖರ ಮಸುಕಾಗುತ್ತದೆ. ಶಿಖರವನ್ನು ಹಿಡಿದರೆ ಹೂವು ಕದಡಿಹೋಗುತ್ತದೆ. ನಮ್ಮ ಕಣ್ಣು ಹತ್ತಿರಕ್ಕೂ ದೂರಕ್ಕೂ ಕ್ಷಣಮಾತ್ರದಲ್ಲಿ ಹರಿದಾಡಿ ಎರಡನ್ನೂ ಕೂಡಿಸಿ ಮನಸ್ಸಿಗೆ ಒಪ್ಪಿಸುತ್ತದೆ. ಮಸೂರಕ್ಕೆ ಆ ಚಲನೆ ಇಲ್ಲ. ಅದು ಒಂದು ಸಲಕ್ಕೆ ಒಂದೇ ದೂರವನ್ನು ಪೂರ್ಣ ಸ್ಪಷ್ಟತೆಯಿಂದ ಕಾಣಬಲ್ಲದು. ಇಂದಿನ ಡಿಜಿಟಲ್ ಛಾಯಾಗ್ರಾಹಕರು ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂಬ ಉಪಾಯವನ್ನು ಬಳಸುತ್ತಾರೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗಾಡದಂತೆ ನಿಲ್ಲಿಸಿ, ಹತ್ತಿರದಿಂದ ದೂರಕ್ಕೆ ಹಂತಹಂತವಾಗಿ ಫೋಕಸ್ ಬದಲಿಸುತ್ತ ಹಲವು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಮಾತ್ರ ಕಂಪ್ಯೂಟರಿನ ನೆರವಿನಿಂದ ಒಂದೇ ಚಿತ್ರವಾಗಿ ಹೆಣೆಯುವ ವಿಧಾನವದು. ಈ ಸೌಕರ್ಯವಿಲ್ಲದ ಕಾಲದಲ್ಲಿ, ಒಂದೇ ಗಾಜಿನ ಹಲಗೆಯ ಮೇಲೆ, ಒಂದೇ ಮಾನ್ಯತೆಯಲ್ಲಿ ಸಮೀಪವನ್ನೂ ದೂರವನ್ನೂ ಹಿಡಿದಿಡಲು ಬದುಕಿನುದ್ದಕ್ಕೂ ಶ್ರಮಿಸಿದವರು ಅಮೆರಿಕದ ಆನ್ಸೆಲ್ ಆಡಮ್ಸ್.

ಆಡಮ್ಸ್ ಜನಿಸಿದ್ದು 1902ರ ಫೆಬ್ರುವರಿ 20ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ತಂದೆ ಚಾರ್ಲ್ಸ್, ತಾಯಿ ಆಲಿವ್. 1906ರ ಮಹಾಭೂಕಂಪ ಆ ನಗರವನ್ನು ನಡುಗಿಸಿದಾಗ ಅವರಿಗೆ ನಾಲ್ಕು ವರ್ಷ. ಮೊದಲ ಕಂಪನದಲ್ಲಿ ಪಾರಾದ ಬಾಲಕ, ಕೆಲವು ಗಂಟೆಗಳ ಅನಂತರದ ಮರುಕಂಪನದಲ್ಲಿ ತೋಟದ ಗೋಡೆಗೆ ಬಡಿದು ಮೂಗು ಮುರಿದುಕೊಂಡ. ಆ ಸೊಟ್ಟಮೂಗು ಕೊನೆಯವರೆಗೂ ಹಾಗೆಯೇ ಉಳಿಯಿತು. ಮರದ ವ್ಯಾಪಾರದಿಂದ ಅನುಕೂಲವಾಗಿದ್ದ ಮನೆತನ 1907ರ ಆರ್ಥಿಕ ಕುಸಿತದ ತರುವಾಯ ಕ್ರಮೇಣ ಸಂಪತ್ತನ್ನು ಕಳೆದುಕೊಂಡಿತು. ಚಂಚಲ ಸ್ವಭಾವದ ಹುಡುಗನಿಗೆ ಶಾಲೆ ಒಗ್ಗಲಿಲ್ಲ. ಹನ್ನೆರಡರ ಸುಮಾರಿಗೆ ತಂದೆ ಅವನನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಪಾಠದ ವ್ಯವಸ್ಥೆ ಮಾಡಿದರು. 1915ರಲ್ಲಿ ನಗರದಲ್ಲಿ ಭಾರಿ ಅಂತಾರಾಷ್ಟ್ರೀಯ ಪ್ರದರ್ಶನ ನಡೆದಾಗ ವರ್ಷವಿಡೀ ಪ್ರವೇಶದ ಪಾಸು ಕೊಡಿಸಿ, ಅದನ್ನೇ ಶಾಲೆಯೆಂದು ತಿಳಿಯುವಂತೆ ಮಾಡಿದರು. ಇದೇ ಕಾಲದಲ್ಲಿ ಪಿಯಾನೊ ಅಭ್ಯಾಸವೂ ಆರಂಭವಾಯಿತು. ಎಲ್ಲಿಯೂ ನಿಲ್ಲದ ಮನಸ್ಸನ್ನು ಶಿಸ್ತಿಗೆ ತಂದದ್ದು ಸಂಗೀತ. ತಾನು ಪಿಯಾನೊ ವಾದಕನಾಗಬೇಕೆಂಬುದೇ ಮುಂದಿನ ಹದಿನೈದು ವರ್ಷಗಳ ಗುರಿಯಾಗಿತ್ತು.

1916ರ ಬೇಸಿಗೆಯಲ್ಲಿ ಕುಟುಂಬ ಯೊಸೆಮಿಟಿ ಕಣಿವೆಗೆ ಪ್ರವಾಸ ಹೋಯಿತು. ಸಿಯೆರಾ ನೆವಾಡಾ ಪರ್ವತಶ್ರೇಣಿಯ ನಡುವೆ ಹಿಮನದಿಗಳು ಕೊರೆದ, ಕಡಿದಾದ ಗ್ರಾನೈಟ್ ಗೋಡೆಗಳ ಆ ಕಣಿವೆಯಲ್ಲಿ ಹದಿನಾಲ್ಕರ ಹುಡುಗನ ಕೈಗೆ ಹೆತ್ತವರು ಕೊಡಕ್ ಬ್ರೌನಿ ಎಂಬ ಪುಟ್ಟ ಪೆಟ್ಟಿಗೆ ಕ್ಯಾಮೆರಾ ಇಟ್ಟರು. ಅಂದಿನಿಂದ ಬದುಕಿನ ಒಂದು ವರ್ಷವೂ ಆಡಮ್ಸ್ ಆ ಕಣಿವೆಗೆ ಹೋಗದೆ ಉಳಿಯಲಿಲ್ಲ. 1919ರಲ್ಲಿ ಪರ್ವತಪ್ರಿಯರ ಹಾಗೂ ನಿಸರ್ಗರಕ್ಷಕರ ಸಂಘಟನೆಯಾದ ಸಿಯೆರಾ ಕ್ಲಬ್ ಸೇರಿದರು; ಮರುವರ್ಷದಿಂದ ನಾಲ್ಕು ಬೇಸಿಗೆಗಳಲ್ಲಿ ಕಣಿವೆಯಲ್ಲಿದ್ದ ಕ್ಲಬ್ಬಿನ ಸ್ಮಾರಕಭವನದ ಮೇಲ್ವಿಚಾರಕರಾಗಿದ್ದರು. ಅಲ್ಲಿ ಅಭ್ಯಾಸಕ್ಕೆ ಒಂದು ಪಿಯಾನೊ ಬೇಕಾಗಿತ್ತು. ಅದು ದೊರೆತದ್ದು ಕಣಿವೆಯಲ್ಲಿ ಚಿತ್ರಶಾಲೆ ನಡೆಸುತ್ತಿದ್ದ ಹ್ಯಾರಿ ಬೆಸ್ಟ್ ಎಂಬ ಕಲಾವಿದರ ಮನೆಯಲ್ಲಿ. ಅವರ ಮಗಳು ವರ್ಜೀನಿಯಾ 1928ರ ಜನವರಿಯಲ್ಲಿ ಆಡಮ್ಸರ ಕೈಹಿಡಿದರು.

ಅದಕ್ಕೂ ಮುನ್ನ, 1927ರ ಏಪ್ರಿಲ್ 10ರಂದು, ಛಾಯಾಗ್ರಾಹಕ ಆಡಮ್ಸರ ನಿಜವಾದ ಜನನವಾಯಿತೆನ್ನಬಹುದು. ಅರ್ಧ ಗುಮ್ಮಟದಂತೆ ಕಡಿದು ನಿಂತ ಹಾಫ್ ಡೋಮ್ ಬಂಡೆಯನ್ನು ಚಿತ್ರಿಸಲೆಂದು ವರ್ಜೀನಿಯಾ ಮತ್ತು ಗೆಳೆಯರೊಡನೆ ಹಿಮದ ಹಾದಿ ಹತ್ತಿದರು. ಬೆನ್ನ ಮೇಲೆ ಭಾರವಾದ ಕ್ಯಾಮೆರಾ, ಹನ್ನೆರಡು ಗಾಜಿನ ಹಲಗೆಗಳು. ಬಂಡೆಯ ಎದುರಿನ ಚಾಚುಗಲ್ಲು ತಲಪುವ ವೇಳೆಗೆ ಉಳಿದದ್ದು ಎರಡೇ ಹಲಗೆ. ಮೊದಲನೆಯದನ್ನು ವಾಡಿಕೆಯಂತೆ ಹಳದಿ ಶೋಧಕ ಹಾಕಿ ತೆಗೆದರು. ತೆಗೆದ ಕೂಡಲೇ, ಎದುರಿನ ದೃಶ್ಯ ತಮ್ಮೊಳಗೆ ಹುಟ್ಟಿಸಿದ ಗಾಂಭೀರ್ಯ ಆ ಚಿತ್ರದಲ್ಲಿ ಬರಲಾರದೆಂಬುದು ಅವರಿಗೆ ಹೊಳೆಯಿತು. ಕೊನೆಯ ಹಲಗೆಗೆ ಗಾಢ ಕೆಂಪು ಶೋಧಕ ಹಾಕಿದರು. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಗಿ, ಬಂಡೆಯ ಮುಖ ಅದರೆದುರು ಎದ್ದು ನಿಂತಿತು. ಗುಂಡಿ ಒತ್ತುವ ಮೊದಲೇ ಮುದ್ರಿತ ಚಿತ್ರವನ್ನು ಮನಸ್ಸಿನಲ್ಲಿ ಪೂರ್ಣವಾಗಿ ಕಾಣಬೇಕೆಂಬುದು ಆಡಮ್ಸರ ಕಲೆಯ ಮೂಲತತ್ತ್ವ. ಅದು ಅವರಿಗೆ ಕೈವಶವಾದದ್ದು ಆ ದಿನ.

ಆ ಕಾಲದಲ್ಲಿ ಕಲಾತ್ಮಕ ಛಾಯಾಗ್ರಹಣವೆಂದರೆ ವರ್ಣಚಿತ್ರದ ಅನುಕರಣೆ. ಮಸೂರವನ್ನು ಮೃದುಗೊಳಿಸಿ, ಒರಟು ಕಾಗದದ ಮೇಲೆ ಮುದ್ರಿಸಿ, ಎಲ್ಲವನ್ನೂ ಮಂಜಿನಲ್ಲಿ ಮುಳುಗಿಸುವುದು ಅಭಿರುಚಿಯೆನಿಸಿತ್ತು. 1930ರಲ್ಲಿ ನ್ಯೂ ಮೆಕ್ಸಿಕೊದ ಟಾವೋಸ್ ಪಟ್ಟಣದಲ್ಲಿ ಪಾಲ್ ಸ್ಟ್ರ್ಯಾಂಡ್ ಅವರ ನೆಗೆಟಿವ್‌ಗಳನ್ನು ಕಂಡ ಆಡಮ್ಸರು ಅವುಗಳ ನಿಖರತೆಗೆ ಬೆರಗಾದರು. ಪಿಯಾನೊವನ್ನು ವೃತ್ತಿಯಾಗಿಸುವ ವಿಚಾರ ಅಲ್ಲಿಗೆ ಕೈಬಿಟ್ಟಿತು. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನ್ನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್ ಮೊದಲಾದವರೊಡನೆ ಅವರು ಕಟ್ಟಿದ ಬಳಗ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡಿ ಯಂಗ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ನಡೆಸಿತು. ಬಳಗದ ಹೆಸರೇ ಅದರ ಧ್ಯೇಯವನ್ನು ಸಾರುತ್ತಿತ್ತು: ಗ್ರೂಪ್ ಎಫ್ 64.

ಈ ಸಂಖ್ಯೆಯ ಅರ್ಥವನ್ನು ತಿಳಿದರೆ ಅವರ ಸಾಹಸದ ಅರಿವಾಗುತ್ತದೆ. ಮಸೂರದ ನಾಭಿದೂರವನ್ನು ಬೆಳಕಿನ ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವುದು ಎಫ್ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು. ರಂಧ್ರ ಕಿರಿದಾದಷ್ಟೂ ಸ್ಪಷ್ಟತೆಯ ಆಳ ಹೆಚ್ಚು. 300 ಮಿಲಿಮೀಟರ್ ನಾಭಿದೂರದ ಮಸೂರದಲ್ಲಿ ಎಫ್ 64 ಎಂದರೆ ಐದು ಮಿಲಿಮೀಟರಿಗೂ ಕಡಿಮೆ ವ್ಯಾಸದ ರಂಧ್ರ. ಕಾಲಬುಡದ ಕಲ್ಲಿನಿಂದ ದಿಗಂತದವರೆಗೆ ಎಲ್ಲವೂ ಅದರಲ್ಲಿ ಸ್ಫುಟವಾಗಬಲ್ಲದು. ಆದರೆ ಅದಕ್ಕೆ ಬೆಲೆ ತೆರಬೇಕು. ಎಫ್ 8ರಲ್ಲಿ ಬೇಕಾಗುವ ಸಮಯದ 64 ಪಟ್ಟು ಸಮಯ ಎಫ್ 64ರಲ್ಲಿ ಬೇಕು. ಅಷ್ಟರಲ್ಲಿ ಗಾಳಿ ಬೀಸಿ ಹುಲ್ಲು ಓಲಾಡಿದರೆ ಎಲ್ಲ ಶ್ರಮವೂ ವ್ಯರ್ಥ. ಜೊತೆಗೆ, ತೀರ ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಚಿತ್ರವೆಲ್ಲವೂ ತುಸು ಮೆತ್ತಗಾಗುತ್ತದೆ. ಎಂಟು ಹತ್ತು ಅಂಗುಲದ ದೊಡ್ಡ ನೆಗೆಟಿವ್ ಈ ದೋಷವನ್ನು ಮರೆಮಾಚುತ್ತಿತ್ತು; ಇಂದಿನ ಕ್ಯಾಮೆರಾಗಳ ಚಿಕ್ಕ ಸಂವೇದಕ ಮರೆಮಾಚದು. ಆದ್ದರಿಂದಲೇ ಈಗಿನವರು ರಂಧ್ರವನ್ನು ಹದವಾಗಿರಿಸಿ ಹಲವು ಚಿತ್ರಗಳನ್ನು ಜೋಡಿಸುತ್ತಾರೆ.

ಆಡಮ್ಸರಿಗೆ ಮತ್ತೊಂದು ಸಾಧನವೂ ಇತ್ತು. ಅವರ ತಿದಿಯುಳ್ಳ ಕ್ಯಾಮೆರಾದಲ್ಲಿ ಮಸೂರದ ಹಲಗೆಯನ್ನು ಮುಂದಕ್ಕೆ ಬಾಗಿಸಬಹುದಿತ್ತು. ಹಾಗೆ ಬಾಗಿಸಿದಾಗ ಸ್ಪಷ್ಟತೆಯ ತಲ ನೆಟ್ಟಗೆ ನಿಲ್ಲುವ ಬದಲು ನೆಲದ ಮೇಲೆ ಹಾಸಿದಂತೆ ಒರಗುತ್ತದೆ. ಆಸ್ಟ್ರಿಯಾದ ತಿಯೊಡೋರ್ ಶೈಮ್‌ಪ್ಲುಗ್ 20ನೆಯ ಶತಮಾನದ ಆರಂಭದಲ್ಲಿ ವಿವರಿಸಿದ ಈ ತತ್ತ್ವ ಬಯಲುದೃಶ್ಯಗಳಿಗೆ ವರವಾಗಿತ್ತು. ಎತ್ತರದ ನೋಟ ಬೇಕಾದಾಗ ಆಡಮ್ಸರು ಕಾರಿನ ಮೇಲ್ಛಾವಣಿಗೆ ಅಟ್ಟ ಕಟ್ಟಿಸಿ ಅದರ ಮೇಲೆ ಮುಕ್ಕಾಲಿ ಹೂಡುತ್ತಿದ್ದರು. 1944ರಲ್ಲಿ ಅವರು ತೆಗೆದ ಮೌಂಟ್ ವಿಲಿಯಮ್ಸನ್ ಚಿತ್ರದಲ್ಲಿ ಮುಂಭಾಗದ ದೈತ್ಯ ಬಂಡೆಗಲ್ಲುಗಳ ಒಂದೊಂದು ರೇಖೆಯೂ, ಮೈಲಿಗಳಾಚೆ ಮೋಡದೊಳಗಿಂದ ಬೆಳಕು ಸುರಿಯುವ ಪರ್ವತವೂ ಸಮಾನ ಸ್ಫುಟತೆಯಿಂದ ಕಾಣುತ್ತವೆ. 1955ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ದಿ ಫ್ಯಾಮಿಲಿ ಆಫ್ ಮ್ಯಾನ್ ಪ್ರದರ್ಶನದಲ್ಲಿ ಈ ಚಿತ್ರವಿತ್ತು. ಜಗತ್ತನ್ನು ಸುತ್ತಿದ ಆ ಪ್ರದರ್ಶನ ಅದೇ ದಶಕದಲ್ಲಿ ಭಾರತಕ್ಕೂ ಬಂದಿತ್ತು.

ಸ್ಪಷ್ಟತೆಯಷ್ಟೇ ಬೆಳಕಿನ ಲೆಕ್ಕವೂ ಮುಖ್ಯ. 1940ರ ಆಸುಪಾಸಿನಲ್ಲಿ ಫ್ರೆಡ್ ಆರ್ಚರ್ ಅವರೊಡನೆ ಆಡಮ್ಸರು ಝೋನ್ ಸಿಸ್ಟಮ್ ಎಂಬ ಕ್ರಮವನ್ನು ರೂಪಿಸಿದರು. ಅಚ್ಚಗಪ್ಪಿನಿಂದ ಅಚ್ಚಬಿಳಿಯವರೆಗಿನ ಛಾಯೆಗಳನ್ನು ಹತ್ತು ಹನ್ನೊಂದು ಹಂತಗಳಾಗಿ ವಿಂಗಡಿಸಿ, ದೃಶ್ಯದ ಯಾವ ಭಾಗ ಯಾವ ಹಂತಕ್ಕೆ ಬೀಳಬೇಕೆಂಬುದನ್ನು ಮೊದಲೇ ನಿರ್ಧರಿಸುವ ಕ್ರಮವದು. 1941ರ ಶರತ್ಕಾಲದ ಒಂದು ಸಂಜೆ ಇದು ಕೈಹಿಡಿಯಿತು. ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಹಳ್ಳಿಯ ಬಳಿ ಕಾರಿನಲ್ಲಿ ಸಾಗುತ್ತಿದ್ದಾಗ, ಮೇಲೇರುತ್ತಿದ್ದ ಚಂದ್ರನ ಕೆಳಗೆ ಸ್ಮಶಾನದ ಬಿಳಿ ಶಿಲುಬೆಗಳು ಸಂಜೆಬಿಸಿಲಿಗೆ ಹೊಳೆಯುವುದು ಕಂಡಿತು. ಕಾರು ನಿಲ್ಲಿಸಿ ಕ್ಯಾಮೆರಾ ಹೂಡಿದರೆ ಬೆಳಕು ಅಳೆಯುವ ಮೀಟರ್ ಸಿಗಲೊಲ್ಲದು. ಚಂದ್ರನ ಪ್ರಕಾಶದ ಪ್ರಮಾಣ ನೆನಪಿನಲ್ಲಿದ್ದುದರಿಂದ ಅದರ ಆಧಾರದ ಮೇಲೆಯೇ ಲೆಕ್ಕಹಾಕಿ, ಎಫ್ 32ರಲ್ಲಿ ಒಂದು ಸೆಕೆಂಡು ತೆರೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮಾಯವಾಗಿತ್ತು. ವರ್ಷ ನೆನಪಿಡುವುದರಲ್ಲಿ ಆಡಮ್ಸರು ಎಂದೂ ಗಟ್ಟಿಗರಲ್ಲ. ಕಡೆಗೆ ಖಗೋಳಜ್ಞರು ಚಂದ್ರನ ಸ್ಥಾನವನ್ನು ಗಣಿಸಿ ಆ ಚಿತ್ರದ ದಿನ 1941ರ ನವೆಂಬರ್ 1 ಎಂದು ಗೊತ್ತುಪಡಿಸಿದರು.

ಆ ಒಂದೇ ನೆಗೆಟಿವ್‌ನಿಂದ ಜೀವಮಾನದಲ್ಲಿ ಅವರು ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ಮುದ್ರಿಸಿದರು. ವರ್ಷಗಳು ಕಳೆದಂತೆ ಅದರ ಆಕಾಶ ಹೆಚ್ಚು ಹೆಚ್ಚು ಕಪ್ಪಾಗುತ್ತ ಹೋಯಿತು. ಹಾಗಾದರೆ ಯಾವುದು ನಿಜವಾದ ಆಕಾಶ? ಹಲವು ಚಿತ್ರಗಳನ್ನು ಹೆಣೆಯುವವರನ್ನು ಇಂದು ಕೇಳುವ ಪ್ರಶ್ನೆಯೇ ಇದು. ಕತ್ತಲೆಕೋಣೆಯಲ್ಲಿ ಒಂದೆಡೆ ಬೆಳಕು ತಡೆದು ಇನ್ನೊಂದೆಡೆ ಹೆಚ್ಚಿಸುವುದು ಆಡಮ್ಸರಿಗೆ ಸಂಗೀತಗಾರ ಸ್ವರಲಿಪಿಯನ್ನು ನುಡಿಸಿದಷ್ಟೇ ಸಹಜವಾಗಿತ್ತು. 1944ರ ಲೋನ್ ಪೈನ್ ಊರಿನ ಸೂರ್ಯೋದಯದ ಚಿತ್ರದಲ್ಲಿ ಶಾಲಾಮಕ್ಕಳು ಗುಡ್ಡದ ಮೇಲೆ ಬಿಳಿಗಲ್ಲಿನಿಂದ ಮೂಡಿಸಿದ್ದ ಊರಿನ ಹೆಸರಿನ ಅಕ್ಷರಗಳನ್ನು ಅವರು ಅಳಿಸಿಯೂ ಬಿಟ್ಟರು; ಅದನ್ನು ಮುಚ್ಚಿಡಲಿಲ್ಲ. ನಿಷ್ಠೆ ತಮ್ಮ ಅನುಭವಕ್ಕೆ ಸಲ್ಲಬೇಕೇ ಹೊರತು ಯಂತ್ರದ ದಾಖಲೆಗಲ್ಲ ಎಂಬುದು ಅವರ ನಿಲುವಾಗಿತ್ತು. ಆ ನಿಲುವನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಜಗತ್ತು ಹಸಿವು, ಯುದ್ಧಗಳಿಂದ ತತ್ತರಿಸುತ್ತಿದ್ದಾಗ ಮನುಷ್ಯರಿಲ್ಲದ ಬಂಡೆಗಳನ್ನು ಚಿತ್ರಿಸುತ್ತಾರೆಂಬ ಟೀಕೆಯೂ ಅವರ ಮೇಲಿತ್ತು. ಅದಕ್ಕೆ ಅವರ ಕೆಲಸವೇ ಉತ್ತರವಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದ ಮಾಂಜನಾರ್ ಶಿಬಿರಕ್ಕೆ 1943ರಲ್ಲಿ ಹೋಗಿ, ಅಲ್ಲಿನ ರೈತರು, ದಾದಿಯರು, ಮಕ್ಕಳ ಮುಖಗಳನ್ನು ಅದೇ ಸ್ಫುಟತೆಯಿಂದ ಚಿತ್ರಿಸಿ 1944ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಯುದ್ಧಕಾಲದಲ್ಲಿ ಅದು ಜನಪ್ರಿಯವಾಗುವ ಕೆಲಸವಾಗಿರಲಿಲ್ಲ. ಮೌಂಟ್ ವಿಲಿಯಮ್ಸನ್ ಚಿತ್ರವೂ ಆ ಶಿಬಿರದ ಭೇಟಿಗಳ ಫಲವೇ.

ನಿಸರ್ಗಚಿತ್ರಗಳೂ ಲೋಕಕ್ಕೆ ಉಪಯುಕ್ತವಾದವು. 1936ರಲ್ಲಿ ಸಿಯೆರಾ ಕ್ಲಬ್ಬಿನ ಪರವಾಗಿ ಆಡಮ್ಸರು ಚಿತ್ರಗಳ ಕಟ್ಟು ಹಿಡಿದು ವಾಷಿಂಗ್ಟನ್ನಿಗೆ ಹೋಗಿ, ಕಿಂಗ್ಸ್ ಕಣಿವೆಯನ್ನು ರಕ್ಷಿಸಬೇಕೆಂದು ಶಾಸಕರ ಮುಂದಿಟ್ಟರು. 1938ರಲ್ಲಿ ಹೊರಬಂದ ಅವರ ಸಿಯೆರಾ ನೆವಾಡಾ ಪುಸ್ತಕ ಅಧ್ಯಕ್ಷ ರೂಸ್‌ವೆಲ್ಟರ ಕೈ ಸೇರಿತು. 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂದಿತು. 1934ರಿಂದ 1971ರವರೆಗೆ ಅವರು ಕ್ಲಬ್ಬಿನ ನಿರ್ದೇಶಕ ಮಂಡಳಿಯಲ್ಲಿದ್ದರು.

ಕಲಿತದ್ದನ್ನು ಗುಟ್ಟಾಗಿಡುವುದು ಅವರ ಸ್ವಭಾವವಲ್ಲ. ಕ್ಯಾಮೆರಾ, ನೆಗೆಟಿವ್, ಮುದ್ರಣ ಈ ಮೂರನ್ನು ಕುರಿತು ಬರೆದ ಗ್ರಂಥಗಳನ್ನು ಎಂಬತ್ತರ ಹೊಸ್ತಿಲಲ್ಲಿ ಮತ್ತೆ ಹೊಸದಾಗಿ ಬರೆದರು. ಚಿತ್ರಗ್ರಹಣದ ಮುಂದಿನ ದೊಡ್ಡ ಹೆಜ್ಜೆ ವಿದ್ಯುನ್ಮಾನದ್ದೆಂದು 1981ರಲ್ಲಿಯೇ ಅವರು ಬರೆದರು. ಅದನ್ನು ಕಂಡು ಅಂಜಲಿಲ್ಲ, ಕುತೂಹಲದಿಂದ ಎದುರುನೋಡಿದರು. ಇಂದು ಕೆಲವು ಕ್ಯಾಮೆರಾಗಳು ತಾವೇ ಫೋಕಸ್ ಬದಲಿಸುತ್ತ ಹತ್ತಾರು ಚಿತ್ರಗಳನ್ನು ತೆಗೆದುಕೊಡುತ್ತವೆ. ಆದರೂ ಗಾಳಿ ಬೀಸಿದರೆ ಹುಲ್ಲಿನ ಎಸಳು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ನಿಂತು ಹೆಣಿಗೆ ಕೆಡುತ್ತದೆ. ಗಾಳಿ ನಿಲ್ಲುವ ಕ್ಷಣಕ್ಕಾಗಿ ಆಡಮ್ಸರಂತೆಯೇ ಕಾಯಬೇಕು. ಯಾವ ಕಲ್ಲನ್ನು ಮುಂದಿರಿಸಬೇಕು, ಯಾವ ಶಿಖರವನ್ನು ಹಿಂದಿರಿಸಬೇಕು, ಎಲ್ಲವೂ ಸ್ಪಷ್ಟವಾಗಲೇಬೇಕೇ ಎಂಬುದನ್ನು ತೀರ್ಮಾನಿಸಬೇಕಾದವನು ಇಂದಿಗೂ ಕ್ಯಾಮೆರಾದ ಹಿಂದೆ ನಿಂತವನೇ.

1980ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪಡೆದ ಆಡಮ್ಸರು 1984ರ ಏಪ್ರಿಲ್ 22ರಂದು, 82ನೆಯ ವಯಸ್ಸಿನಲ್ಲಿ ನಿಧನರಾದರು. ಮರುವರ್ಷ ಯೊಸೆಮಿಟಿಯ ಅಂಚಿನ ಶಿಖರವೊಂದಕ್ಕೆ ಅವರ ಹೆಸರನ್ನಿಡಲಾಯಿತು.

ಅವರ ಕಲೆ ಭೂಮಿಯನ್ನೇ ಬಿಟ್ಟೂ ಹೋಗಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿರುವ ಚಿನ್ನದ ಲೇಪದ ತಟ್ಟೆಯ ಚಿತ್ರಗಳ ನಡುವೆ, 1942ರಲ್ಲಿ ಆಡಮ್ಸರು ತೆಗೆದ ಸ್ನೇಕ್ ನದಿ ಮತ್ತು ಟೀಟನ್ ಪರ್ವತಗಳ ದೃಶ್ಯವಿದೆ. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಅದರಲ್ಲಿದೆ. 2012 ಮತ್ತು 2018ರಲ್ಲಿ ಒಂದಾದ ಮೇಲೊಂದರಂತೆ ಆ ನೌಕೆಗಳು ನಕ್ಷತ್ರಗಳ ನಡುವಣ ಅವಕಾಶವನ್ನು ಪ್ರವೇಶಿಸಿದವು. ಬಳುಕುವ ನದಿಯೂ ಅದರಾಚೆಯ ಹಿಮಶಿಖರವೂ ಒಂದೇ ಸ್ಫುಟತೆಯಿಂದ ಮೂಡಿರುವ ಆ ಚಿತ್ರ, ನಮ್ಮ ನುಡಿಯ ಜೊತೆಯಲ್ಲಿ ಅಲ್ಲಿ ಸಾಗುತ್ತಿದೆ.