ದಯಾಸಾಗರ ತಾತಯ್ಯನವರು

ಹೊಟ್ಟೆ ಹೊರೆಯುವ ಉದ್ಯೋಗಗಳೆಲ್ಲವೂ ಕಾಯಕವಲ್ಲ. ಮಾಡುವವನ ಮನವು ಶುದ್ಧವಾಗಿದ್ದು, ದುಡಿಮೆಯ ಫಲವು ಪರರಿಗೂ ಸಂದಾಗಲೇ ಉದ್ಯೋಗವು ಕಾಯಕವೆನಿಸುತ್ತದೆ. ಆ ಸಲ್ಲಿಕೆಯೇ ದಾಸೋಹ. ಕಲ್ಯಾಣದ ಶರಣರಲ್ಲಿ ದೋಣಿ ನಡೆಸುವವರಿದ್ದರು, ಬಟ್ಟೆ ಒಗೆಯುವವರಿದ್ದರು, ಹಗ್ಗ ಹೊಸೆಯುವವರಿದ್ದರು. ಪತ್ರಿಕೆ ನಡೆಸುವುದು ಅವರ ಕಾಲದಲ್ಲಿ ಇಲ್ಲದ ಉದ್ಯೋಗ. ಆದರೆ ಅದೂ ಕಾಯಕವಾಗಬಲ್ಲುದೆಂಬುದನ್ನು ಮೈಸೂರು ಸೀಮೆಯಲ್ಲಿ ತೋರಿಸಿಕೊಟ್ಟವರು ಎಂ. ವೆಂಕಟಕೃಷ್ಣಯ್ಯನವರು. ಜನರು ಅವರನ್ನು ಪ್ರೀತಿಯಿಂದ ತಾತಯ್ಯನವರೆಂದೇ ಕರೆದರು. ಜನ್ಮದಿಂದ ಅವರು ವೀರಶೈವರಲ್ಲ. ಆದರೆ ಸತ್ಕ್ರಿಯೆಯಲ್ಲಿ ಕುಲವನ್ನರಸುವುದು ಶರಣಮಾರ್ಗವಲ್ಲ.

ತಾತಯ್ಯನವರು 1844ರಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಮಗ್ಗೆ ಗ್ರಾಮದಲ್ಲಿ ಜನಿಸಿದರು. ಅಧ್ಯಾಪನವೇ ಅವರ ಮೊದಲ ವೃತ್ತಿ. ವೀರಶೈವ ದಾನಿಗಳಾದ ಗುರಿಕಾರ ಮರಿಮಲ್ಲಪ್ಪನವರ ಔದಾರ್ಯದಿಂದ 1876ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ವಿದ್ಯಾಶಾಲೆಗೆ ಅವರು ಮುಖ್ಯೋಪಾಧ್ಯಾಯರಾಗಿ ಬಹುಕಾಲ ದುಡಿದರು. ಒಬ್ಬರು ದ್ರವ್ಯವನ್ನಿತ್ತರು, ಮತ್ತೊಬ್ಬರು ಆಯುಷ್ಯವನ್ನಿತ್ತರು. ದ್ರವ್ಯದ ದಾಸೋಹವೂ ಶ್ರಮದ ದಾಸೋಹವೂ ಅಲ್ಲಿ ಕೂಡಿದುವು.

ಪಾಠಶಾಲೆಯ ಗೋಡೆಗಳ ಹೊರಗೂ ಕಲಿಯಬೇಕಾದ ಜನರಿದ್ದಾರೆಂಬುದನ್ನು ಅರಿತು ಅವರು ಲೇಖನಿಯನ್ನು ಹಿಡಿದರು. ವೃತ್ತಾಂತ ಚಿಂತಾಮಣಿ, ಸಾಧ್ವಿ, ಸಂಪದಭ್ಯುದಯ ಮೊದಲಾದ ಕನ್ನಡ ಪತ್ರಿಕೆಗಳನ್ನೂ, ಇಂಗ್ಲಿಷಿನಲ್ಲಿ ಮೈಸೂರು ಪೇಟ್ರಿಯಟ್ ಪತ್ರಿಕೆಯನ್ನೂ ನಡೆಸಿದರು. ಆಗ ಮಂಡ್ಯ, ಮದ್ದೂರು, ಮಳವಳ್ಳಿಗಳೆಲ್ಲ ಮೈಸೂರು ಜಿಲ್ಲೆಗೇ ಸೇರಿದ್ದುವು. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದು 1939ರಲ್ಲಿ. ಹಳ್ಳಿಯ ರೈತನು ತನ್ನ ಕಷ್ಟವನ್ನು ಅಧಿಕಾರಿಗಳಿಗೆ ಅರುಹಬೇಕಾದರೆ ದಾರಿಗಳು ಕೆಲವೇ ಇದ್ದುವು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯೊಂದು, ಪತ್ರಿಕೆಯೊಂದು. ತಾತಯ್ಯನವರು ಎರಡರಲ್ಲಿಯೂ ಪ್ರಜೆಗಳ ಪರವಾಗಿ ಮಾತನಾಡಿದರು. ಸರಕಾರದ ಮಾತನ್ನು ಜನರಿಗೆ ತಿಳಿಯಹೇಳುವುದು, ಜನರ ಮಾತನ್ನು ಸರಕಾರಕ್ಕೆ ಮುಟ್ಟಿಸುವುದು, ಈ ಎರಡು ದಡಗಳಿಗೂ ಅವರ ಪತ್ರಿಕೆ ಸೇತುವೆಯಾಯಿತು. ರಾಜಭಕ್ತಿಗೆ ಅವರಲ್ಲಿ ಕೊರತೆಯಿರಲಿಲ್ಲ. ಆದರೆ ಆಡಳಿತದಲ್ಲಿ ಕಂಡ ದೋಷವನ್ನು ಮುಚ್ಚಿಡುವುದು ಭಕ್ತಿಯೆಂದು ಅವರು ಭಾವಿಸಲಿಲ್ಲ.

1908ರಲ್ಲಿ ಪರೀಕ್ಷೆಯ ಕಾಲ ಬಂದಿತು. ದಿವಾನ್ ವಿ. ಪಿ. ಮಾಧವರಾಯರ ಆಡಳಿತದಲ್ಲಿ ಮೈಸೂರು ಸಂಸ್ಥಾನಕ್ಕೆ ಪತ್ರಿಕಾ ಕಾನೂನು ಬಂದು, ಪತ್ರಿಕೆ ನಡೆಸಲು ಸರಕಾರದ ಅಪ್ಪಣೆ ಅವಶ್ಯಕವಾಯಿತು. ಕೊಟ್ಟ ಅಪ್ಪಣೆಯನ್ನು ಹಿಂದೆಗೆಯುವ ಅಧಿಕಾರವೂ ಸರಕಾರದ ಕೈಯಲ್ಲಿಯೇ ಉಳಿಯಿತು. ತಗ್ಗಿ ಬರೆದಿದ್ದರೆ ಪತ್ರಿಕೆ ಉಳಿಯುತ್ತಿತ್ತು, ಆದಾಯವೂ ಉಳಿಯುತ್ತಿತ್ತು. ತಾತಯ್ಯನವರು ಆ ದಾರಿಯನ್ನು ಹಿಡಿಯದೆ, ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಬಹುವರ್ಷ ಬೆಳೆಸಿದ ಗಿಡವನ್ನು ತನ್ನ ಕೈಯಿಂದಲೇ ಕಡಿಯುವುದು ಸುಲಭವಲ್ಲ. ನುಡಿಯು ನಡೆಗೆ ಎರವಾಗಬಾರದೆಂಬ ಶರಣರ ಬೋಧೆಗೆ ಇದಕ್ಕಿಂತ ಕಠಿನವಾದ ಒರೆಗಲ್ಲು ಯಾವುದು?

ಲೇಖನಿ ನಿಂತರೂ ಕೈ ನಿಲ್ಲಲಿಲ್ಲ. ತಂದೆತಾಯಿಗಳಿಲ್ಲದ ಮಕ್ಕಳಿಗಾಗಿ ಮೈಸೂರಿನ ಅನಾಥಾಲಯವನ್ನು ಅವರು ಪೋಷಿಸಿದರು. ಬಡ ವಿದ್ಯಾರ್ಥಿಗಳಿಗೆ ನೆರವು, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಪೌರರ ಹಿತ, ಇವೆಲ್ಲವೂ ಅವರ ಪಾಲಿಗೆ ಒಂದೇ ವ್ರತದ ಅಂಗಗಳಾದುವು. ಮುಂದೆ ಅವರು ಪತ್ರಿಕಾವೃತ್ತಿಗೆ ಮರಳಿದರು; ಆದರೆ ಸೇವೆಯನ್ನು ಬಿಡಲಿಲ್ಲ. ಅಕ್ಷರದಿಂದ ಎಚ್ಚರಿಸಿದವರನ್ನು ಅನ್ನದಿಂದಲೂ ಆಶ್ರಯದಿಂದಲೂ ಕಾಯಬೇಕೆಂಬುದೇ ಅವರ ಜೀವಿತದ ಸಾರ. ಅವರಿಗೆ ಸಂದ ದಯಾಸಾಗರವೆಂಬ ಬಿರುದು ಬರಿಯ ಅಲಂಕಾರವಾಗಿರಲಿಲ್ಲ. ದಯೆಯೇ ಧರ್ಮದ ಬೇರೆಂದು ಬೋಧಿಸಿದ ಬಸವಣ್ಣನವರ ನಾಡಿನಲ್ಲಿ ಇದಕ್ಕಿಂತ ಹಿರಿದಾದ ಬಿರುದಿಲ್ಲ.

1922ರಲ್ಲಿ ದಾವಣಗೆರೆಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಈ ವೃದ್ಧರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 1933ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಅವರು ದೇಹವನ್ನು ಬಿಟ್ಟರು.

ಮಾತನ್ನು ಮಾರುವ ಬಾಯಿಗಳು ಹೆಚ್ಚಿರುವ ಕಾಲದಲ್ಲಿ ಈ ಚರಿತ್ರೆ ಮನನಯೋಗ್ಯವಾದುದು. ಬರೆಯುವವನು ಮೊದಲು ನಿರ್ಭಯನಾಗಬೇಕು. ನಿರ್ಭಯನಾದವನು ದಯಾಳುವೂ ಆಗಬೇಕು. ದಯೆಯಿಲ್ಲದ ನಿರ್ಭಯವು ಬರಿಯ ಕಲಹ. ನಿರ್ಭಯವಿಲ್ಲದ ದಯೆಯು ಬರಿಯ ಮರುಕ. ಎರಡನ್ನೂ ಒಂದೇ ಬಾಳಿನಲ್ಲಿ ಬೆಸೆದ ತಾತಯ್ಯನವರ ನಡೆಯು ಅಕ್ಷರಕಾಯಕದವರಿಗೆಲ್ಲ ಕೈದೀವಿಗೆಯಾಗಲಿ.