ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್: ಕಪ್ಪು ಸೈನಿಕರ ಚರಿತ್ರೆಕಾರನ ಬದುಕು ಮತ್ತು ಆಕರಗಳ ಸಮಸ್ಯೆ

ಅಮೆರಿಕದ ಕಪ್ಪುಜನರ ಚರಿತ್ರೆಯನ್ನು ಆಕರಗಳ ಬಲದಿಂದ ಕಟ್ಟಿದ ಮೊದಲಿಗರಲ್ಲಿ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಪ್ರಮುಖರು. ಸೈನಿಕ, ಪಾದ್ರಿ, ಪತ್ರಿಕಾ ಪ್ರಕಾಶಕ, ಶಾಸಕ, ಚರಿತ್ರೆಕಾರ ಹೀಗೆ ಅವರ ವ್ಯಕ್ತಿತ್ವಕ್ಕೆ ಹಲವು ಮುಖಗಳಿವೆ. ಅನಾಮಿಕ ಸೈನಿಕರ ಸೇವೆಯನ್ನು ದಾಖಲೆಗೆ ತಂದ ಇವರ ಬದುಕನ್ನೇ ಮುಂದೆ ಚದುರಿದ ದಾಖಲೆಗಳಿಂದ ಮರುರಚಿಸಬೇಕಾಯಿತು ಎಂಬುದು ಇಲ್ಲಿ ಪರಿಶೀಲಿಸಬೇಕಾದ ಸಂಗತಿಯಾಗಿದೆ.

ವಿಲಿಯಮ್ಸ್ ಜನಿಸಿದ್ದು 1849ರ ಅಕ್ಟೋಬರ್ 16ರಂದು, ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್ ಸ್ಪ್ರಿಂಗ್ಸ್‌ನಲ್ಲಿ. ಅಂತರ್ಯುದ್ಧದ ಕಾಲದಲ್ಲಿ, ಹದಿನಾಲ್ಕರ ಹರೆಯದಲ್ಲಿಯೇ ಬೇರೊಂದು ಹೆಸರಿನಲ್ಲಿ ಒಕ್ಕೂಟದ ಸೇನೆಯನ್ನು ಸೇರಿದರೆಂದು ತಿಳಿದುಬರುತ್ತದೆ. 1867ರಲ್ಲಿ ಹತ್ತನೆಯ ಅಶ್ವದಳವನ್ನು ಸೇರಿ, ಮರುವರ್ಷ ಗಾಯಗೊಂಡು ಸೇವೆಯಿಂದ ಬಿಡುಗಡೆ ಹೊಂದಿದರು. 1874ರಲ್ಲಿ ನ್ಯೂಟನ್ ದೇವಶಾಸ್ತ್ರ ವಿದ್ಯಾಲಯದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿಯಾದರು. 1875ರಲ್ಲಿ ವಾಷಿಂಗ್ಟನ್ನಿನಿಂದ ಅವರು ಹೊರಡಿಸಿದ ‘ದಿ ಕಾಮನರ್’ ಪತ್ರಿಕೆ ಕೆಲವೇ ಸಂಚಿಕೆಗಳಿಗೆ ನಿಂತುಹೋಯಿತು. 1879ರಲ್ಲಿ ಓಹಿಯೋ ಶಾಸನಸಭೆಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯರೆನಿಸಿದರು.

1619ರಿಂದ 1880ರವರೆಗಿನ ಕಪ್ಪುಜನರ ಚರಿತ್ರೆಯನ್ನು ನಿರೂಪಿಸುವ ಅವರ ಎರಡು ಸಂಪುಟಗಳ ಕೃತಿ 1882–83ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಹನ್ನೆರಡು ಸಾವಿರಕ್ಕೂ ಹೆಚ್ಚು ಗ್ರಂಥಗಳನ್ನು ಪರಿಶೀಲಿಸಿದುದಾಗಿ ಅವರು ಮುನ್ನುಡಿಯಲ್ಲಿ ತಿಳಿಸಿದ್ದಾರೆ. 1887ರಲ್ಲಿ ಅಂತರ್ಯುದ್ಧದ ಕಪ್ಪು ಸೈನಿಕರನ್ನೇ ಕುರಿತ ಸೇನಾ ಚರಿತ್ರೆ ಹೊರಬಂದಿತು. ಒಕ್ಕೂಟದ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ವೇತನವಿದ್ದಾಗ ಇವರಿಗೆ 10 ಡಾಲರ್ ಗೊತ್ತುಪಡಿಸಿ, ಅದರಲ್ಲಿಯೂ 3 ಡಾಲರನ್ನು ಉಡುಪಿಗೆಂದು ಮುರಿದುಕೊಳ್ಳಲಾಗುತ್ತಿತ್ತು. ಈ ತಾರತಮ್ಯವನ್ನು ಸರಿಪಡಿಸಲು 1864ರವರೆಗೆ ಕಾಯಬೇಕಾಯಿತು. 1864ರ ಏಪ್ರಿಲ್‌ನಲ್ಲಿ ಫೋರ್ಟ್ ಪಿಲ್ಲೋದಲ್ಲಿ ನಡೆದ ಹತ್ಯಾಕಾಂಡವನ್ನೂ ವಿಲಿಯಮ್ಸ್ ದಾಖಲಿಸಿದರು. ಸರ್ಕಾರಿ ದಾಖಲೆಗಳ ಜೊತೆಗೆ ಪತ್ರಿಕಾ ವರದಿಗಳನ್ನೂ ಪ್ರತ್ಯಕ್ಷ ಅನುಭವಿಗಳ ನೆನಪುಗಳನ್ನೂ ಆಕರವೆಂದು ಸ್ವೀಕರಿಸಿದ್ದು ಅವರ ಸಂಶೋಧನಾ ವಿಧಾನದ ವೈಶಿಷ್ಟ್ಯ.

ಇದೇ ವಿಧಾನದ ಮುಂದುವರಿಕೆಯನ್ನು ಅವರ ಕಾಂಗೋ ಪ್ರವಾಸದಲ್ಲಿ ಕಾಣಬಹುದು. ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡನ ಆಡಳಿತವನ್ನು ಆರಂಭದಲ್ಲಿ ಮೆಚ್ಚಿದ್ದ ಅವರು, 1890ರಲ್ಲಿ ಕಾಂಗೋವನ್ನು ಕಣ್ಣಾರೆ ಕಂಡು ಅಭಿಪ್ರಾಯವನ್ನು ಬದಲಿಸಿಕೊಂಡರು. ಅದೇ ವರ್ಷದ ಜುಲೈನಲ್ಲಿ ದೊರೆಗೆ ಬಹಿರಂಗ ಪತ್ರ ಬರೆದು, ಅಲ್ಲಿನ ವಂಚನೆ, ಗುಲಾಮಗಿರಿ, ಹಿಂಸೆಗಳನ್ನು ಆರೋಪಪಟ್ಟಿಯ ರೂಪದಲ್ಲಿ ಮಂಡಿಸಿದರು. 1891ರ ಆಗಸ್ಟ್ 2ರಂದು ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ನಿಧನರಾದಾಗ ಅವರಿಗೆ ಇನ್ನೂ ನಲವತ್ತೆರಡು ತುಂಬಿರಲಿಲ್ಲ.

ಅವರ ಖಾಸಗಿ ಕಾಗದಪತ್ರಗಳು ಒಂದೇ ಪತ್ರಾಗಾರದಲ್ಲಿ ಒಟ್ಟಾಗಿ ಉಳಿಯಲಿಲ್ಲ. ಚರಿತ್ರೆಕಾರ ಜಾನ್ ಹೋಪ್ ಫ್ರಾಂಕ್ಲಿನ್ ಸುಮಾರು ನಾಲ್ಕು ದಶಕಗಳ ಕಾಲ ಹಲವು ದೇಶಗಳಲ್ಲಿ ಹರಡಿದ್ದ ಕಡತ, ಪತ್ರಿಕೆಗಳನ್ನು ಜಾಲಾಡಿ 1985ರಲ್ಲಿ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಬ್ಲ್ಯಾಕ್‌ಪೂಲ್‌ನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದೂ ಫ್ರಾಂಕ್ಲಿನ್ನರ ಪ್ರಯತ್ನದಿಂದ, 1975ರಲ್ಲಿ. ಕಪ್ಪು ಸೈನಿಕರಿಗೆ ರಾಜಧಾನಿಯಲ್ಲಿ ಸ್ಮಾರಕವಾಗಬೇಕೆಂದು ವಿಲಿಯಮ್ಸ್ ಒತ್ತಾಯಿಸಿದ್ದರು. ಅಂತಹ ಸ್ಮಾರಕ ವಾಷಿಂಗ್ಟನ್ನಿನಲ್ಲಿ ಅನಾವರಣಗೊಂಡದ್ದು 1998ರಲ್ಲಿ.

ಅಧಿಕೃತ ಚರಿತ್ರೆ ಕೈಬಿಟ್ಟವರನ್ನು ಕುರಿತು ಬರೆಯುವವನ ಕಾಗದಗಳೂ ಕೈಬಿಟ್ಟುಹೋಗುವ ಸಾಧ್ಯತೆಯಿದೆ ಎಂಬುದಕ್ಕೆ ಈ ಬದುಕು ನಿದರ್ಶನ. ಆದ್ದರಿಂದ ಇಂತಹ ಬರಹಗಾರರ ಟಿಪ್ಪಣಿ, ಪತ್ರ, ಹಸ್ತಪ್ರತಿಗಳ ಸಂರಕ್ಷಣೆಯನ್ನು ಸಂಶೋಧನೆಯ ಪೂರ್ವಸಿದ್ಧತೆ ಎಂದಷ್ಟೇ ಭಾವಿಸಲಾಗದು. ಅದು ಸಂಶೋಧನೆಯ ಅವಿಭಾಜ್ಯ ಅಂಗವೇ ಆಗಿದೆ.